ಲಿಯೋನಿನಲ್ಲಿ ಒಂದು ಉದ್ದನೆಯ ಊಟ

ಗುರುವಾರ

ಪ್ಯಾರಿಸ್ಸಿನ ಗಾರ್ ದ ಲಿಯೋನ್ ನಿಲ್ದಾಣದಲ್ಲಿ ಬೆಳಿಗ್ಗೆ ಹತ್ತಿದ ಟಿಜಿವಿ ಎಂಬ ಅತಿವೇಗದ ರೈಲು ಎರಡು ಗಂಟೆಗಳಲ್ಲಿ ನಮ್ಮನ್ನು ಲಿಯೋನಿನ ಪಾರ್-ದ್ಯೂ ನಿಲ್ದಾಣದಲ್ಲಿ ಇಳಿಸಿತು. ನಾವೆಂದರೆ ನಾನು, ನನ್ನ ಹೆಂಡತಿ ಮತ್ತು 76 ವರ್ಷದ ಅಪ್ಪ. ತಂಗಿ ಈ ಊರಿನಲ್ಲಿ ಔಷಧ ಸಂಶೋಧನೆಯ ಕೆಲಸದಲ್ಲಿದ್ದಾಳೆ, ಇಲ್ಲಿಯವನನ್ನೇ ಮದುವೆಯಾಗಿ ಹನ್ನೊಂದು ವರ್ಷಗಳಾದವು. ಆದರೂ ಅಪ್ಪ ಅವಳ ಮನೆಗೆ ಬರುತ್ತಿರುವುದು ಇದೇ ಮೊದಲು. ಅಕ್ಟೋಬರಿನಲ್ಲಿ ಕಾಫಿ ಕುಯ್ಲು ಇನ್ನೂ ಆರಂಭವಾಗಿರುವುದಿಲ್ಲವೆಂಬ ಒಂದೇ ಕಾರಣಕ್ಕೆ ಅವರು ವಿರಾಜಪೇಟೆಯ ಹತ್ತಿರದ ತೋಟವನ್ನು ಬಿಟ್ಟು ಬರಲು ಒಪ್ಪಿದ್ದರು.

ಅಪ್ಪನ ಊಟದ ವಿಚಾರವನ್ನು ಮೊದಲೇ ಹೇಳಿಬಿಡಬೇಕು. ಅವರು ಊಟಕ್ಕೆ ಕುಳಿತರೆ ಹತ್ತು ನಿಮಿಷಗಳಲ್ಲಿ ಏಳುತ್ತಾರೆ. ಆಳುಗಳು ಕೆಲಸಕ್ಕೆ ಮರಳುವ ಮೊದಲು ತಾನು ತೋಟದಲ್ಲಿರಬೇಕೆಂದು ಐವತ್ತು ವರ್ಷ ರೂಢಿಸಿಕೊಂಡ ವೇಗವದು, ಮಕ್ಕಳಾದ ನಮಗೂ ಅದೇ ಬಂದಿದೆ. ಊಟದ ನಡುವೆ ಮಾತನಾಡುವುದು ನಮ್ಮ ಮನೆಯಲ್ಲಿ ಸಲಿಗೆಯ ಲಕ್ಷಣವಾಗಿರಲಿಲ್ಲ, ಅಶಿಸ್ತಿನ ಲಕ್ಷಣವಾಗಿತ್ತು. ಹೀಗಿರುವಾಗ, ಭಾನುವಾರ ಮಧ್ಯಾಹ್ನ ಗಂಡನ ತಾಯಿ ಬರುತ್ತಾರೆ, ಊಟಕ್ಕೆ ಮೂರು ಗಂಟೆಯಾದರೂ ಹಿಡಿಯುತ್ತದೆ ಎಂದು ತಂಗಿ ತಿಳಿಸಿದಾಗ, ಅಪ್ಪ "ಅಷ್ಟು ಹೊತ್ತು ಏನು ತಿನ್ನುತ್ತಾರೆ?" ಎಂದು ಕೇಳಿದ್ದರಲ್ಲಿ ವ್ಯಂಗ್ಯವೇನೂ ಇರಲಿಲ್ಲ.

ಆ ದಿನ ಬೇರೇನೂ ನಡೆಯಲಿಲ್ಲ. ಸಂಜೆ ಸೋನ್ ನದಿಯ ದಂಡೆಯಲ್ಲಿ ಸ್ವಲ್ಪ ನಡೆದು ಬಂದು ಮಲಗಿದೆವು.

ಶುಕ್ರವಾರ

ತಂಗಿಯ ಮನೆ ಇರುವುದು ಕ್ರುವಾ-ರೂಸ್ ಗುಡ್ಡದ ಮೇಲೆ. ಲಿಯೋನಿನ ಜನ ಬಸಿಲಿಕಾ ಇರುವ ಫೂರ್ವಿಯೇರ್ ಗುಡ್ಡವನ್ನು ಪ್ರಾರ್ಥಿಸುವ ಗುಡ್ಡವೆಂದೂ ಇದನ್ನು ದುಡಿಯುವ ಗುಡ್ಡವೆಂದೂ ಕರೆಯುತ್ತಾರೆ. ಇಲ್ಲಿ ದುಡಿದವರು ರೇಷ್ಮೆ ನೇಕಾರರು, ಊರಿನ ಮಾತಿನಲ್ಲಿ 'ಕಾನ್ಯು'ಗಳು. ಮನೆಯ ಸೂರು ಸುಮಾರು ನಾಲ್ಕು ಮೀಟರ್ ಎತ್ತರದಲ್ಲಿರುವುದನ್ನು ಕಂಡು ಅಪ್ಪ ಇದು ಉಗ್ರಾಣವಾಗಿತ್ತೇ ಎಂದು ಕೇಳಿದರು. ಅದು ಮಗ್ಗ ನಿಲ್ಲಿಸುವುದಕ್ಕಾಗಿ ಬಿಟ್ಟ ಎತ್ತರ. ಜೋಸೆಫ್ ಮಾರಿ ಜಕಾರ್ 1804ರಲ್ಲಿ ರೂಪಿಸಿದ, ರಂಧ್ರ ಕೊರೆದ ರಟ್ಟುಗಳು ವಿನ್ಯಾಸವನ್ನು ನಿರ್ದೇಶಿಸುವ ಆ ಯಂತ್ರವನ್ನು ಕೂರಿಸಿದ ಮಗ್ಗ ತಗ್ಗು ಸೂರಿನ ಕೋಣೆಯಲ್ಲಿ ಹಿಡಿಯುತ್ತಿರಲಿಲ್ಲ. ನಮ್ಮಲ್ಲಿ ರೇಷ್ಮೆ ಸೀರೆಯ ಅಂಗಡಿಯವರು ದಿನವೂ ಆಡುವ 'ಜಕಾರ್ಡ್' ಎಂಬ ಮಾತು ಈ ಊರಿನವನ ಹೆಸರೆಂಬುದು ನನ್ನ ಹೆಂಡತಿಗೆ ಗೊತ್ತಿರಲಿಲ್ಲ, ನನಗಂತೂ ಗೊತ್ತೇ ಇರಲಿಲ್ಲ.

ನೇಕಾರರ ವಿಷಯವನ್ನು ಇಷ್ಟಾಗಿ ಹೇಳುತ್ತಿರುವುದು ಅವರ ಬೆಳಗಿನ ತಿಂಡಿಯ ಸಲುವಾಗಿ. ನಸುಕಿನಲ್ಲೇ ಮಗ್ಗಕ್ಕೆ ಕುಳಿತವರು ಒಂಬತ್ತರ ಹೊತ್ತಿಗೆ ಎದ್ದು, ಒಣ ಸಾಸೇಜು, ಹಂದಿಯ ಕಾಲು, ಮೂತಿ, ಜಠರದ ತುಂಡುಗಳನ್ನು ಬೊಜೊಲೆ ವೈನಿನೊಂದಿಗೆ ತಿನ್ನುತ್ತಿದ್ದರು. ಇದಕ್ಕೆ 'ಮಾಶಾನ್' ಎಂದು ಹೆಸರು, ಕೆಲವು 'ಬುಶಾನ್'ಗಳಲ್ಲಿ, ಅಂದರೆ ಲಿಯೋನಿನ ಸಾಂಪ್ರದಾಯಿಕ ಊಟದ ಮನೆಗಳಲ್ಲಿ, ಈಗಲೂ ಬೆಳಿಗ್ಗೆ ಬಡಿಸುತ್ತಾರೆ. ಭಾವ ನಮ್ಮನ್ನು ಅಂಥದೊಂದು ಕಡೆಗೆ ಕರೆದೊಯ್ದ. ಕೆಂಪು ಚೌಕುಳಿಯ ಮೇಜುವಸ್ತ್ರದ ಮೇಲೆ ಮೊದಲು ಬಂದದ್ದು ಹಂದಿಯ ಕೊಬ್ಬನ್ನು ಕರಿದು ಉಪ್ಪು ಹಾಕಿದ 'ಗ್ರಾಟಾನ್'. ಅಪ್ಪ ಒಂದನ್ನು ಕಡಿದು, ಇನ್ನೊಂದನ್ನು ಎತ್ತಿಕೊಂಡು, ಇದು ನಮ್ಮದೇ ಎಂಬಂತೆ ನನ್ನ ಕಡೆ ನೋಡಿದರು. ವೈನು ಬಂದದ್ದು ದಪ್ಪ ತಳದ 46 ಸೆಂಟಿಲೀಟರಿನ ಗಾಜಿನ ಕುಪ್ಪಿಯಲ್ಲಿ. ಆ ಅಳತೆಯ ಕುಪ್ಪಿಗೆ 'ಪೋ' ಎನ್ನುತ್ತಾರೆ. ರೋನ್, ಸೋನ್ ಮತ್ತು ಬೊಜೊಲೆ ಎಂಬ ಮೂರು ನದಿಗಳು ಲಿಯೋನಿನಲ್ಲಿ ಹರಿಯುತ್ತವೆಂಬುದು ಇಲ್ಲಿಯ ಹಳೆಯ ಹಾಸ್ಯ. ಬೆಳಿಗ್ಗೆ ಒಂಬತ್ತೂವರೆಗೆ ಅಕ್ಕಪಕ್ಕದ ಮೇಜುಗಳನ್ನು ನೋಡಿದರೆ ಅದು ಹಾಸ್ಯವೆನಿಸುವುದಿಲ್ಲ.

ಶಿವಮೊಗ್ಗದ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿದ ನನ್ನ ಹೆಂಡತಿಯ ಪಾಡು ಏನಾಗುವುದೋ ಎಂದು ನಾನು ಅಂಜಿದ್ದೆ. ಅವಳಿಗಾಗಿ ಭಾವ ತರಿಸಿದ ಪದಾರ್ಥದ ಹೆಸರು 'ಸರ್ವೆಲ್ ದ ಕಾನ್ಯು', ಅಂದರೆ ನೇಕಾರನ ಮೆದುಳು. ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿದ್ದು ನನಗೆ ನೆನಪಿದೆ. ಅದು ತಾಜಾ ಗಿಣ್ಣಿಗೆ, ಅಂದರೆ ಚೀಸಿಗೆ, ಸಣ್ಣ ಈರುಳ್ಳಿ, ಹಸಿರು ಸೊಪ್ಪು, ವಿನೆಗರ್, ಎಣ್ಣೆ ಸೇರಿಸಿ ಕಲಸಿದ ಬಿಳಿಯ ಗೊಜ್ಜು. ತಿಂದ ಮೇಲೆ, ಒಗ್ಗರಣೆ ಒಂದಿದ್ದರೆ ಇದು ನಮ್ಮ ಕಡೆಯ ಮೊಸರು ಗೊಜ್ಜೇ ಎಂದು ತೀರ್ಪಿತ್ತಳು.

ಅಪ್ಪ ಎಂದಿನಂತೆ ಹತ್ತು ನಿಮಿಷಗಳಲ್ಲಿ ತಟ್ಟೆ ಖಾಲಿ ಮಾಡಿ, ಕೈಕಟ್ಟಿ ಕುಳಿತು, ಉಳಿದ ನಲವತ್ತು ನಿಮಿಷ ಬಾಗಿಲ ಕಡೆ ನೋಡುತ್ತಿದ್ದರು.

ಶನಿವಾರ

ಈ ದಿನವನ್ನು ಭಾನುವಾರದ ಊಟದ ಸಾಮಾನು ಕೊಳ್ಳಲೆಂದು ಮೀಸಲಿಟ್ಟಿದ್ದೆವು. ಪಾರ್-ದ್ಯೂ ನಿಲ್ದಾಣದ ಹತ್ತಿರವೇ ಇರುವ ಮುಚ್ಚಿದ ಮಾರುಕಟ್ಟೆ, 'ಲೆ ಆಲ್', 1971ರಲ್ಲಿ ಈ ಜಾಗಕ್ಕೆ ಬಂದದ್ದು. 2006ರಿಂದ ಅದಕ್ಕೆ ಬಾಣಸಿಗ ಪಾಲ್ ಬೋಕ್ಯೂಸ್ ಹೆಸರಿದೆ. ಆತ ತೀರಿಕೊಂಡದ್ದು 2018ರಲ್ಲಿ, ಅಂದರೆ ಬದುಕಿರುವಾಗಲೇ ತನ್ನ ಹೆಸರಿನ ಮಾರುಕಟ್ಟೆಯಲ್ಲಿ ಓಡಾಡಿದ ಮನುಷ್ಯ. ಹೊರಗಿನಿಂದ ನೋಡಿದರೆ ಸಾಧಾರಣವಾದ ಕಟ್ಟಡ. ಒಳಗೆ ಕಾಲಿಟ್ಟರೆ ಮೊದಲು ಎದುರಾಗುವುದು ವಾಸನೆ. ಗಿಣ್ಣು, ಉಪ್ಪು, ಮಣ್ಣುವಾಸನೆಯ ಬೂಷ್ಟು, ಎಲ್ಲೋ ಒಲೆಯಿಂದ ಈಗ ಇಳಿದ ಬೆಣ್ಣೆಯ ರೊಟ್ಟಿ ಎಲ್ಲವೂ ಅದರಲ್ಲಿದ್ದವು.

ಹೀಗೆ ಸಂಸ್ಕರಿಸಿದ ಹಂದಿಮಾಂಸದ ಪದಾರ್ಥಗಳಿಗೆ ಹೇಳುವ ಶಾರ್ಕುಟ್ರಿ ಎಂಬ ಮಾತಿನಲ್ಲಿ 'ಬೇಯಿಸಿದ ಮಾಂಸ' ಎಂಬರ್ಥವಿದೆ. ಪ್ಯಾರಿಸ್ಸಿನಲ್ಲಿ ಬೇಯಿಸಿದ ಹಂದಿಮಾಂಸ ಮಾರುವವರು 1476ರಲ್ಲೇ ಕಸಾಯಿಯವರಿಂದ ಬೇರೆಯಾದ ತಮ್ಮದೇ ವೃತ್ತಿಸಂಘವನ್ನು ಪಡೆದರು. ಆದರೆ ಅಂಗಡಿಯ ಮೇಲ್ಗಡೆ ಸಾಲಾಗಿ ತೂಗುತ್ತಿದ್ದವುಗಳಲ್ಲಿ ಬಹುಪಾಲು ಬೆಂಕಿಯನ್ನೇ ಕಾಣದವು. ರೊಜೆಟ್ ಎಂಬ ಉದ್ದನೆಯ ಸಾಸೇಜಿಗೆ ಹಂದಿಯ ತೊಡೆ, ಭುಜದ ಮಾಂಸವನ್ನೂ ಗಟ್ಟಿ ಕೊಬ್ಬನ್ನೂ ಒರಟಾಗಿ ಕತ್ತರಿಸಿ, ಉಪ್ಪು, ಕರಿಮೆಣಸು ಬೆರೆಸಿ, ಹಂದಿಯ ಕರುಳಿನ ಕೊನೆಯ ಭಾಗದಲ್ಲಿ ತುಂಬಿ, ತಂಪಾದ ಗಾಳಿಯಾಡುವ ಕೋಣೆಯಲ್ಲಿ ತಿಂಗಳುಗಟ್ಟಲೆ ತೂಗುಹಾಕುತ್ತಾರೆ. ನೀರಿಳಿದು ತೂಕದ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ, ಮೇಲೆ ಬಿಳಿಯ ಬೂಷ್ಟು ಹೂವಿನಂತೆ ಹಿಡಿಯುತ್ತದೆ. ಆ ಬೂಷ್ಟನ್ನು ಇವರು 'ಹೂವು' ಎಂದೇ ಕರೆಯುತ್ತಾರೆ. ಪಕ್ಕದಲ್ಲಿ ತೂಗುತ್ತಿದ್ದ, ಪೇರಳೆಯಾಕಾರದ ದಪ್ಪನೆಯದರ ಹೆಸರು 'ಜೆಜ್ಯು', ಅಂದರೆ ಯೇಸು. ಹುರಿಯಿಂದ ಬಲೆಬಲೆಯಾಗಿ ಬಿಗಿದಿರುವುದರಿಂದ ಬಟ್ಟೆ ಸುತ್ತಿದ ಬಾಲಯೇಸುವಿನಂತೆ ಕಾಣುತ್ತದೆಂದು ಆ ಹೆಸರು ಬಂತೆನ್ನುತ್ತಾರೆ. ಅಪ್ಪ ಅದರ ಮುಂದೆ ನಿಂತವರು ಅಲುಗಲಿಲ್ಲ. ಅವರು ನೋಡುತ್ತಿದ್ದದ್ದು ಮಾಂಸವನ್ನಲ್ಲ, ಹುರಿಯ ಗಂಟನ್ನು.

ಕೌಂಟರಿನ ಹೆಂಗಸು ನಾವು ಬೆರಳು ತೋರಿಸಿದ್ದನ್ನು ಕೂಡಲೇ ಕತ್ತರಿಸಿ ಕೊಡಲಿಲ್ಲ. ಎಷ್ಟು ಜನ, ಮೊದಲ ಬಡಿಸುವಿಕೆಗೋ ಇಡೀ ಊಟಕ್ಕೋ, ಇವತ್ತು ತಿನ್ನುವುದೋ ನಾಳೆಯೋ ಎಂದು ವಿಚಾರಿಸಿ, ನಾಳೆಗಾದರೆ ರೊಜೆಟ್ಟನ್ನು ಈಗ ಕತ್ತರಿಸಬಾರದು, ತುಂಡಾಗಿಯೇ ಒಯ್ಯಿರಿ, ಮೇಜಿನ ಮೇಲೆ ಕೊಯ್ಯಿರಿ ಎಂದು ಹೇಳಿದಳು. ಗಿಣ್ಣಿನ ಅಂಗಡಿಯವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾಳೆ ಮಧ್ಯಾಹ್ನಕ್ಕೋ ರಾತ್ರಿಗೋ ಎಂದು ಕೇಳಿ, ಹತ್ತಾರು ಸೇಂಟ್ ಮಾರ್ಸೆಲಿನ್ ಬಿಲ್ಲೆಗಳನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ ನೋಡಿ ಎರಡನ್ನು ಆರಿಸಿಕೊಟ್ಟ. ನಮ್ಮಲ್ಲಿ ಮಾವಿನ ಹಣ್ಣಿಗೆ ಈ ಉಪಚಾರವಿದೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮನೆಯವರೆಲ್ಲ ಬೇರೆ ಬೇರೆ ಅಂಗಡಿಗಳಿಗೆ ಚದುರಿದ್ದಾಗ ನಾನೊಬ್ಬನೇ ಹೋಗಿ, ಪಿಸ್ತಾ ಹಾಕಿದ, ನೋಡಲು ಸುಂದರವಾದ ಗುಲಾಬಿ ಬಣ್ಣದ ಸಾಸೇಜೊಂದನ್ನು ಕೊಂಡಿದ್ದೆ. ಸಂಜೆ ಮನೆಯಲ್ಲಿ ಹಸಿವಾಯಿತೆಂದು ಅದನ್ನು ಹಲಗೆಯ ಮೇಲಿಟ್ಟು ಚಾಕು ಎತ್ತಿಕೊಂಡೆ. ಅಪ್ಪ ನನ್ನ ಕೈ ಹಿಡಿದು, ಸಾಸೇಜನ್ನು ಎರಡು ಬೆರಳುಗಳ ನಡುವೆ ಒತ್ತಿ, "ಇದು ಒಣಗಿಲ್ಲ, ಹಸಿಮಾಂಸ" ಎಂದರು. ಅವರಿಗೆ ಫ್ರೆಂಚಿನ ಒಂದಕ್ಷರವೂ ಬಾರದು, ಚೀಟಿಯನ್ನು ಓದಿರಲಿಲ್ಲ. ತಂಗಿ ಬಂದು ಓದಿದಾಗ ಅದರಲ್ಲಿ 'ಬೇಯಿಸತಕ್ಕದ್ದು' ಎಂದು ಸ್ಪಷ್ಟವಾಗಿ ಬರೆದಿತ್ತು. ಅಪ್ಪನ ಬಾಲ್ಯದಲ್ಲಿ ಮನೆಯ ಒಲೆಯ ಮೇಲೆ ಉಪ್ಪು ಹಚ್ಚಿದ ಹಂದಿಮಾಂಸವನ್ನು ಹೊಗೆಗೆ ಒಣಗಿಸಲು ತೂಗುಹಾಕುತ್ತಿದ್ದರು. ಮಳೆಗಾಲ ಮುಗಿಯುವ ತನಕ ಅದೇ ಆಧಾರ. ಯಾವ ತುಂಡು ಇಳಿಸಲು ಸಿದ್ಧವಾಗಿದೆಯೆಂದು ಒತ್ತಿ ನೋಡುವುದು ಮನೆಯ ಕಿರಿಯ ಹುಡುಗನಾದ ಅವರ ಕೆಲಸವಾಗಿತ್ತಂತೆ. ಇದನ್ನು ಅವರು ನನಗೆ ಹಿಂದೆಂದೂ ಹೇಳಿರಲಿಲ್ಲ. ಹೇಳಲು ಅಂಥ ಸಂದರ್ಭವೇ ಬಂದಿರಲಿಲ್ಲವೆನ್ನಬೇಕು.

ಭಾನುವಾರ

ಭಾವನ ತಾಯಿ ಹನ್ನೆರಡೂವರೆಗೆ ಬಂದರು. ಲಿಯೋನಿನ ಪಶ್ಚಿಮಕ್ಕಿರುವ ಗುಡ್ಡಸೀಮೆಯ ರೈತ ಮನೆತನದ, ಅಪ್ಪನಿಗಿಂತ ನಾಲ್ಕು ವರ್ಷ ಹಿರಿಯ ಹೆಂಗಸು. ಕೈಯಲ್ಲಿ ಬಟ್ಟೆ ಸುತ್ತಿದ ಗಾಜಿನ ಭರಣಿಯಿತ್ತು. ಅದರಲ್ಲಿದ್ದದ್ದು ಅವರೇ ಮಾಡಿದ ರಿಯೆಟ್. ಹಂದಿಮಾಂಸವನ್ನು ಅದರದೇ ಕೊಬ್ಬಿನಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿ, ಎಳೆ ಎಳೆಯಾಗುವ ತನಕ ಬಿಡಿಸಿ, ಮೇಲೆ ಕೊಬ್ಬಿನ ಪದರ ಕಟ್ಟಿಸಿ ಮುಚ್ಚಿಡುವ ಪದಾರ್ಥವದು.

ಮೇಜಿನ ನಡುವೆ ಆಲಿವ್ ಮರದ ಹಲಗೆ ಇತ್ತು. ಅದರ ಮೇಲೆ ರೊಜೆಟ್, ಅರ್ಧ ಜೆಜ್ಯು, ಗ್ರಾಟಾನ್, ಬೆಣ್ಣೆಯ ಗಟ್ಟಿ, ಹೆಬ್ಬೆರಳಿಗಿಂತ ಸಣ್ಣ ಸೌತೆಯ ಉಪ್ಪಿನಕಾಯಿಯಾದ ಕಾರ್ನಿಶಾನ್, ಸಾಸಿವೆಯ ಬಟ್ಟಲು ಇದ್ದವು. ಬ್ರೆಡ್ಡನ್ನು ತಟ್ಟೆಯಲ್ಲಲ್ಲದೆ ನೇರವಾಗಿ ಮೇಜುವಸ್ತ್ರದ ಮೇಲೆಯೇ ಇಡುವುದು ಇಲ್ಲಿಯ ಕ್ರಮ, ನನ್ನ ಹೆಂಡತಿಗೆ ಕೊನೆಯ ತನಕವೂ ಅದು ಹಿಡಿಸಲಿಲ್ಲ. ಭಾವ ಚಾಕುವನ್ನು ಅಪ್ಪನ ಮುಂದೆ ಹಿಡಿಯ ಕಡೆಯಿಂದ ಇಟ್ಟ. ಹಿರಿಯರಿಗೆ ಸಲ್ಲಿಸಿದ ಗೌರವವೋ, ನಿನ್ನೆಯ ಸಾಸೇಜಿನ ಪ್ರಸಂಗಕ್ಕೆ ಕೊಟ್ಟ ಪದವಿಯೋ ತಿಳಿಯಲಿಲ್ಲ.

ಅಪ್ಪ ಮೊದಲು ರೊಜೆಟ್ಟಿನ ತುದಿಯ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ, ಎರಡಂಗುಲ ಸುಲಿದು, ಮೂಗಿನ ಹತ್ತಿರ ಹಿಡಿದು ನೋಡಿದರು. ಆಮೇಲೆ ಚಾಕುವನ್ನು ಸ್ವಲ್ಪ ಓರೆಯಾಗಿಟ್ಟು, ಬೆಳಕು ತೂರುವಷ್ಟು ತೆಳ್ಳಗೆ ಒಂದು ಬಿಲ್ಲೆ ಇಳಿಸಿದರು. ಮಾಣಿಕ್ಯದ ಕೆಂಪಿನ ನಡುವೆ ಕೊಬ್ಬು ಬಿಳಿಯ ಕಲ್ಲಿನ ಹರಳುಗಳಂತೆ ಹಂಚಿಹೋಗಿತ್ತು. ಒಂದು ಕಡೆ ಇಡಿಯ ಕರಿಮೆಣಸಿನ ಕಾಳು ಸೀಳಿಕೊಂಡು ತನ್ನ ಹಳದಿ ಒಳಗನ್ನು ತೋರಿಸುತ್ತಿತ್ತು. ಅಪ್ಪ ಆ ಕಾಳನ್ನು ಚಾಕುವಿನ ಮೊನೆಯಿಂದ ತೆಗೆದು ಬೇರೆಯಾಗಿ ಕಡಿದರು. ತೋಟದ ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿ ಬದುಕಿದವರ ನಾಲಿಗೆ ಸುಮ್ಮನಿರುವುದಿಲ್ಲ. ನಮ್ಮ ಮೆಣಸಿಗೆ ಇದಕ್ಕಿಂತ ಖಾರವಿದೆ ಎಂದರು, ಆದರೆ ಇಲ್ಲಿ ಹೆಚ್ಚು ಖಾರವಿದ್ದರೆ ಮಾಂಸದ ಹುಳಿ ತಿಳಿಯುತ್ತಿರಲಿಲ್ಲವೆಂದೂ ಸೇರಿಸಿದರು. ಒಣಗುವಾಗ ಮಾಂಸ ಹುದುಗಿ ಹುಟ್ಟುವ ಆ ಸಣ್ಣ ಹುಳಿಯನ್ನು ನಾನು ಅದುವರೆಗೆ ಗಮನಿಸಿರಲಿಲ್ಲ. ಪಂದಿ ಕರಿಯ ಕಾಚಂಪುಳಿಯಷ್ಟು ಗಟ್ಟಿಯಾದ ಹುಳಿಗೆ ಒಗ್ಗಿದವನಿಗೆ ಅದು ಪಿಸುಮಾತು.

ಒಬ್ಬೊಬ್ಬರಿಗೂ ಒಂದೊಂದು ಬಿಲ್ಲೆ ಕೊಯ್ದು ಕೊಡುವಷ್ಟರಲ್ಲಿ ಮೊದಲಿನವರದು ಮುಗಿದಿರುತ್ತಿತ್ತು, ಮತ್ತೆ ಅವರಿಂದಲೇ ಸುತ್ತು ಆರಂಭವಾಗುತ್ತಿತ್ತು. ಫ್ರೆಂಚರು ನಿಧಾನವಾಗಿ ಉಣ್ಣುವುದು ಸಂಸ್ಕೃತಿಯ ಠೀವಿಯಿಂದ ಎಂದು ನಾನು ನಂಬಿದ್ದೆ. 2010ರಲ್ಲಿ ಯುನೆಸ್ಕೋ ಫ್ರೆಂಚರ ಊಟದ ಕ್ರಮವನ್ನೇ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ನಂಬಿಕೆಯನ್ನು ಗಟ್ಟಿಮಾಡಿತ್ತು. ಆ ಹಲಗೆಯ ಮುಂದೆ ಕುಳಿತಾಗ ನನಗೆ ತೋರಿದ ಕಾರಣ ಬೇರೆ. ಅಲ್ಲಿ ಯಾವುದೂ ಬಡಿಸಿಟ್ಟ ರಾಶಿಯಾಗಿ ಬರುವುದಿಲ್ಲ. ಒಂದನ್ನು ಸುಲಿಯಬೇಕು, ಒಂದನ್ನು ಕೊಯ್ಯಬೇಕು, ಒಂದನ್ನು ಬ್ರೆಡ್ಡಿಗೆ ಸವರಬೇಕು, ಭರಣಿಯನ್ನು ದಾಟಿಸಬೇಕು, ಚಾಕುವಿಗಾಗಿ ಕಾಯಬೇಕು. ಅವಸರ ಮಾಡಬೇಕೆಂದವನಿಗೂ ಅವಸರ ಮಾಡುವ ದಾರಿಯಿಲ್ಲ. ಕೈ ಬಿಡುವಿಲ್ಲದಿದ್ದುದರಿಂದ ಅಪ್ಪನಿಗೆ ಬಾಗಿಲ ಕಡೆ ನೋಡಲು ಹೊತ್ತೇ ಸಿಗಲಿಲ್ಲ.

ಎರಡನೆಯದಾಗಿ ಪಾಟೆ-ಕ್ರೂಟ್ ಬಂತು. ಉಳಿದ ಫ್ರಾನ್ಸಿನಲ್ಲಿ 'ಪಾಟೆ ಆಂ ಕ್ರೂಟ್' ಎನ್ನುವುದನ್ನು ಲಿಯೋನಿನವರು ನಡುವಿನ ಅಕ್ಷರ ನುಂಗಿ ಹೀಗೆನ್ನುತ್ತಾರೆ. ಹಿಟ್ಟಿನ ಪೆಟ್ಟಿಗೆಯಲ್ಲಿ ಮಾಂಸದ ಪದರಗಳನ್ನು ಜೋಡಿಸಿ, ಮುಚ್ಚಳದಲ್ಲಿ ಸಣ್ಣ ಹೊಗೆಗೂಡಿನಂಥ ತೂತು ಬಿಟ್ಟು ಬೇಯಿಸಿ, ಆರಿದ ಮೇಲೆ ಮಾಂಸ ಕುಗ್ಗಿ ಉಳಿದ ಸಂದಿಗೆ ಆ ತೂತಿನಿಂದಲೇ ಎಲುಬಿನ ರಸ ಸುರಿದು ಹೆಪ್ಪುಗಟ್ಟಿಸುತ್ತಾರೆ. 2009ರಿಂದ ಇದಕ್ಕೊಂದು ವಿಶ್ವ ಸ್ಪರ್ಧೆಯೇ ನಡೆಯುತ್ತಿದೆ, ಜಪಾನಿನ ಬಾಣಸಿಗರೂ ಗೆದ್ದಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ನೋಡುವುದಕ್ಕಿರುವಷ್ಟು ಸೊಗಸು ತಿನ್ನುವುದಕ್ಕಿಲ್ಲ. ತಣ್ಣಗಿನ ಆ ಹೆಪ್ಪು ನಮ್ಮ ನಾಲಿಗೆಗೆ ಸುಲಭವಾಗಿ ಒಲಿಯುವುದಲ್ಲ. ಅಜ್ಜಿಯ ರಿಯೆಟ್ಟಿನ ಮೇಲೆ ಒಂದು ಕಾರ್ನಿಶಾನ್ ಇಟ್ಟುಕೊಂಡಾಗ ಮಾತ್ರ, ಕೊಬ್ಬನ್ನು ಹುಳಿ ಕತ್ತರಿಸುವ ಉಪಾಯಕ್ಕೆ ದೇಶಭಾಷೆಗಳ ಹಂಗಿಲ್ಲವೆನಿಸಿತು.

ಆ ಹೊತ್ತಿಗೆ ಅಪ್ಪನಿಗೂ ಆ ಅಜ್ಜಿಗೂ ತಂಗಿಯ ಅನುವಾದದ ನೆರವಿನಿಂದ ಮಾತು ಹತ್ತಿತ್ತು. ಅಜ್ಜಿಯ ಬಾಲ್ಯದಲ್ಲಿ ಮನೆಯ ಹಂದಿಯನ್ನು ಚಳಿಗಾಲದಲ್ಲಿ ಕೊಯ್ಯುತ್ತಿದ್ದರಂತೆ. ನೆರೆಹೊರೆಯವರೆಲ್ಲ ಸೇರುತ್ತಿದ್ದರು. ರಕ್ತ ಕೆಡುವ ಮೊದಲು ಅದೇ ದಿನ 'ಬೂದಾನ್' ಎಂಬ ಕಪ್ಪು ಸಾಸೇಜು ಮಾಡಿ ಮನೆಮನೆಗೆ ಹಂಚುವುದು, ಮರುದಿನ ಕೊಬ್ಬು ಕರಗಿಸುವುದು, ತೊಡೆಗಳನ್ನು ಉಪ್ಪಿನಲ್ಲಿ ಹೂಳುವುದು. ಹಂದಿಯಲ್ಲಿ ಎಲ್ಲವೂ ಒಳ್ಳೆಯದೇ ಎಂಬ ಅವರ ಗಾದೆಯನ್ನು ತಂಗಿ ಹೇಳಿದಾಗ ಅಪ್ಪ, ಹಾಗಾದರೆ ಹಂಚುವಾಗ ಯಾವ ಭಾಗ ಯಾರಿಗೆ ಎಂದು ಕೇಳಿದರು. ಕೊಡವರ ಮನೆಯಲ್ಲಿ ಬೆಳೆದವರಿಗೆ ಹೊಳೆಯುವ ಮೊದಲ ಪ್ರಶ್ನೆಯೇ ಅದು. ನಮ್ಮಲ್ಲಿ ಬೇಟೆಯ ಹಂದಿಯ ಪಾಲಿಗೆ ಲೆಕ್ಕವಿತ್ತು. ಅಜ್ಜಿ ತಮ್ಮದೇ ಕೈ, ಭುಜ, ಪಕ್ಕೆಗಳನ್ನು ಮುಟ್ಟಿ ತೋರಿಸುತ್ತಾ ಉತ್ತರಿಸಿದರು, ಅಪ್ಪ ತಮ್ಮ ಭುಜ ಮುಟ್ಟಿ ನಮ್ಮ ಲೆಕ್ಕ ಹೇಳಿದರು. ಅನುವಾದ ಮಾಡುತ್ತಿದ್ದ ತಂಗಿ ಸ್ವಲ್ಪ ಹೊತ್ತಿಗೆ ಸುಮ್ಮನಾದಳು, ಯಾರಿಗೂ ಅದು ತಿಳಿಯಲಿಲ್ಲ.

ನನ್ನ ತಪ್ಪಿನ ಸಾಸೇಜು ಮೂರನೆಯದಾಗಿ ಬಂತು. ಅದನ್ನು ತಣ್ಣೀರಿನಲ್ಲಿಟ್ಟು, ಕುದಿ ಬರದಂತೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದ್ದರು. ಕುದಿದರೆ ಸಿಪ್ಪೆ ಬಿರಿಯುತ್ತದೆ. ಆಲೂಗಡ್ಡೆಯ ಜೊತೆ ಬಡಿಸಿದ ಆ ಬಿಸಿ ಬಿಲ್ಲೆಗಳೇ ಆ ದಿನದ ಅತ್ಯುತ್ತಮ ತಿನಿಸೆಂದು ಎಲ್ಲರೂ ಒಪ್ಪಿದರು, ನಾನು ವಿನಯದಿಂದ ಸುಮ್ಮನಿದ್ದೆ. ಹೆಂಡತಿಗೆ ಪ್ಯೂಯಿ ಸೀಮೆಯ ಹಸಿರು ಮಸೂರದ ಕೋಸಂಬರಿಯಂಥ ಸಲಾಡ್, ಮತ್ತೆ ಅದೇ ನೇಕಾರನ ಮೆದುಳು. ಗಿಣ್ಣು ಹೆಪ್ಪಾಗಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸಿರುವುದುಂಟಾದ್ದರಿಂದ, ಅದಿಲ್ಲದ್ದನ್ನು ತಂಗಿ ಚೀಟಿ ಓದಿ ತಂದಿದ್ದಳು. ಸೇಂಟ್ ಮಾರ್ಸೆಲಿನ್ ಬಿಲ್ಲೆಗಳು ಮಧ್ಯಾಹ್ನಕ್ಕೆಂದು ಆರಿಸಿಕೊಟ್ಟವನ ಮಾತಿಗೆ ತಪ್ಪದೆ, ಚಾಕು ತಗಲಿದೊಡನೆ ಹರಿದವು.

ಔಷಧದ ಲೋಕದ ತಂಗಿಗೆ ಒಂದು ಲೆಕ್ಕ ಹೇಳದೆ ಇರಲಾಗಲಿಲ್ಲ. ಫ್ರಾನ್ಸಿನ ಆರೋಗ್ಯ ಸಲಹೆಯ ಪ್ರಕಾರ ಶಾರ್ಕುಟ್ರಿಯನ್ನು ವಾರಕ್ಕೆ 150 ಗ್ರಾಂ ಮೀರಬಾರದು. ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಅಪ್ಪ ಎಷ್ಟು ವಾರಗಳದನ್ನು ಮುಗಿಸಿದರೆಂದು ಅವಳು ಬೆರಳು ಮಡಿಸುತ್ತಿರುವಾಗ ಅಜ್ಜಿ ಅಪ್ಪನ ಬ್ರೆಡ್ಡಿಗೆ ಮತ್ತೊಂದಿಷ್ಟು ರಿಯೆಟ್ ಸವರಿದರು.

ಗುಲಾಬಿ ಸಕ್ಕರೆಯ ಬಾದಾಮಿ ಟಾರ್ಟ್ ಆದ ಮೇಲೆ, ಅಪ್ಪ ಊರಿನಿಂದ ತಂದ ಕಾಫಿಪುಡಿಯಲ್ಲಿ ಭಾವ ಕಾಫಿ ಮಾಡಿದ. ಗಡಿಯಾರ ನೋಡಿದ್ದು ಆಗಲೇ. ನಾಲ್ಕು ಗಂಟೆ ಹತ್ತು ನಿಮಿಷವಾಗಿತ್ತು.

ಸೋಮವಾರ

ವಿಮಾನ ಪ್ಯಾರಿಸ್ಸಿನಿಂದ. ಪಾರ್-ದ್ಯೂದಿಂದ ನೇರವಾಗಿ ವಿಮಾನ ನಿಲ್ದಾಣಕ್ಕೇ ಹೋಗುವ ರೈಲಿತ್ತು. ಅಪ್ಪನಿಗೆ ಒಂದು ಜೆಜ್ಯುವನ್ನು ಊರಿಗೆ ಒಯ್ಯುವ ಆಸೆಯಿತ್ತು. ಪರವಾನಗಿಯಿಲ್ಲದೆ ಮಾಂಸದ ಪದಾರ್ಥವನ್ನು ಭಾರತಕ್ಕೆ ತರುವಂತಿಲ್ಲವೆಂದು ತಂಗಿ ವಿವರಿಸಿದ ಮೇಲೆ ಮತ್ತೆ ಅದರ ಸುದ್ದಿಯೆತ್ತಲಿಲ್ಲ.

ರೈಲು ಊರು ದಾಟಿ ಹೊಲಗಳ ನಡುವೆ ವೇಗ ಹಿಡಿದಾಗ ಅವರು ಕೋಟಿನ ಜೇಬಿನಿಂದ ಏನನ್ನೋ ತೆಗೆದರು. ನಿನ್ನೆ ಸಿಪ್ಪೆಯೊಂದಿಗೆ ಕಸಕ್ಕೆ ಹೋಗಿದೆಯೆಂದು ನಾನು ತಿಳಿದಿದ್ದ, ಜೆಜ್ಯುವಿಗೆ ಸುತ್ತಿದ್ದ ಹುರಿ. ತೊಳೆದು ಒಣಗಿಸಿದ್ದರು. ಎದುರಿನ ಮಡಿಚುವ ಮೇಜನ್ನು ಬಿಡಿಸಿ, ನೀರಿನ ಬಾಟಲಿಗೆ ಅದನ್ನು ಮೇಲಿನಿಂದ ಕೆಳಕ್ಕೆ ಸುತ್ತಿ, ಅಡ್ಡ ಎಳೆಯೊಂದನ್ನು ಕೆಳಗಿನಿಂದ ತೂರಿಸಿ ಎಳೆದು ನೋಡಿದರು. ಸಡಿಲವಾಯಿತು. ಬಿಚ್ಚಿ ಮೊದಲಿನಿಂದ ಸುತ್ತಿದರು. ಮೂರನೆಯ ಸಲ ನನ್ನ ಕಡೆ ತಿರುಗಿ, "ಇಲ್ಲಿ ಬೆರಳಿಡು" ಎಂದರು.